ತಿಂಗಳಿಗೆ 79 ರೂಪಾಯಿ, ನಕ್ಷತ್ರ ಸಹಿತ

ತಿಂಗಳಿಗೆ 79 ರೂಪಾಯಿ. ದಪ್ಪಕ್ಷರ, ಹಸಿರು ಬಣ್ಣ, ಪಕ್ಕದಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ನಕ್ಷತ್ರ. ನಕ್ಷತ್ರ ಕೂಡಿಬರದೆ ಮದುವೆ ಮಾತಿಗೇ ಕೂರದ ನಾವು ಜಾಹೀರಾತಿನ ನಕ್ಷತ್ರವನ್ನು ಮಾತ್ರ ನೋಡುವುದೇ ಇಲ್ಲ. ಪುಟದ ತಳದಲ್ಲಿ ಅದರ ಫಲ ಬರೆದಿತ್ತು: ಮೂರು ವರ್ಷದ ಹಣ ಒಟ್ಟಿಗೇ ಕಟ್ಟಿದರೆ ಮಾತ್ರ ಈ ದರ. ಅಂದರೆ 2,844. ಮೇಲೆ ಶೇ. 18 ಜಿಎಸ್‌ಟಿ ಸೇರಿ 3,356. ನಾಲ್ಕನೇ ವರ್ಷದಿಂದ ತಿಂಗಳಿಗೆ 449, ತೆರಿಗೆ ಸೇರಿಸಿದರೆ ವರ್ಷಕ್ಕೆ 6,358. ಮೂರು ವರ್ಷಕ್ಕೆ ಕೊಟ್ಟದ್ದರ ಹೆಚ್ಚುಕಡಿಮೆ ಇಮ್ಮಡಿಯನ್ನು ನಾಲ್ಕನೆಯ ಒಂದೇ ವರ್ಷಕ್ಕೆ ಕೊಡಬೇಕು.

ಈ ವ್ಯವಹಾರಕ್ಕೆ ನನ್ನನ್ನು ಇಳಿಸಿದವರು ಸಾಗರದ ಚಿಕ್ಕಪ್ಪ. ನಿವೃತ್ತ ಹೈಸ್ಕೂಲು ಮೇಷ್ಟ್ರು, ಅಪ್ಪೆಮಿಡಿ ಮಾವಿನ ಹುಚ್ಚು. ಯಾವ ಮರ ಯಾವ ಹೊಳೆಯಂಚಿನಲ್ಲಿದೆ, ಯಾರ ಬ್ಯಾಣದಲ್ಲಿದೆ, ತೊಟ್ಟು ಮುರಿದರೆ ಸೊನೆ ಜೀರಿಗೆಯ ಘಮವೋ ಕರ್ಪೂರದ್ದೋ, ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿ ನಿಲ್ಲುತ್ತದೆ, ಎಲ್ಲ ನೋಟ್‌ಬುಕ್ಕಿನಲ್ಲಿತ್ತು. ಪುಸ್ತಕ ಮಾಡಿಸೋಣ ಎಂದೆ. ಒಪ್ಪಲಿಲ್ಲ.

“ಮರ ಬಿದ್ದುಹೋದ್ರೆ ಪುಸ್ತಕ ತಿದ್ದಲಿಕ್ಕೆ ಬರ್ತದಾ? ಇಂಟರ್ನೆಟ್ಟಿಗೆ ಹಾಕು ಮಾರಾಯ. ಎಷ್ಟಾಗ್ತದೆ?”

“ತಿಂಗಳಿಗೆ ಎಪ್ಪತ್ತೊಂಬತ್ತು, ಚಿಕ್ಕಪ್ಪ.”

“ಇಷ್ಟೇಯ? ಹಾಗಾದ್ರೆ ಎರಡು ಮಾಡು.”

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಹೋಸ್ಟಿಂಗ್, ಅಂದರೆ ಜಾಲತಾಣಕ್ಕೆ ಜಾಗ ಬಾಡಿಗೆಗೆ ಹಿಡಿಯುವುದನ್ನು ಅರ್ಥ ಮಾಡಿಸುವುದು ಸುಲಭ. ಬಾಡಿಗೆ ಒಂದು, ಅಡ್ವಾನ್ಸ್ ಇನ್ನೊಂದು, ಮೇಂಟೆನೆನ್ಸ್ ಮತ್ತೊಂದು. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಹಿಡಿದುಕೊಳ್ಳುವುದು ಬೇರೆ. ಓನರು ಮುಖ ತೋರಿಸುತ್ತಾನೆ ಎನ್ನುವುದಷ್ಟೇ ವ್ಯತ್ಯಾಸ.

ಮೊದಲ ವರ್ಷ ಡೊಮೇನ್ ಹೆಸರು ಉಚಿತವಾಗಿತ್ತು. ನನ್ನ ಹೆಸರಿನಲ್ಲಿ ಒಂದು ಡಾಟ್ ಕಾಮ್ ಇದೆ ಎಂದು ಜಂಬ ಪಡುವವರಿಗೆ ಹೇಳಬೇಕು, ಅದನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಹಿಡಿದಿಟ್ಟುಕೊಳ್ಳಬಹುದು, ಅಷ್ಟೇ. ಅವಧಿ ಮುಗಿದ ಮೇಲೂ ಕೆಲವು ದಿನ ಮಾಮೂಲಿ ದರಕ್ಕೇ ನವೀಕರಿಸಲು ಬಿಡುತ್ತಾರೆ. ಅದನ್ನೂ ದಾಟಿದರೆ ಮೂವತ್ತು ದಿನದ ಇನ್ನೊಂದು ಗಡುವು, ಆಗ ಬಿಡಿಸಿಕೊಳ್ಳಲು ಹಲವು ಪಟ್ಟು ತೆರಬೇಕು. ಆಮೇಲೆ ಹೆಸರು ಬೀದಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಜೂಜಿನವರು ಅದಕ್ಕೇ ಕಾದಿರುತ್ತಾರೆ. ಅಪ್ಪೆಮಿಡಿ ಹುಡುಕಿಕೊಂಡು ಬಂದವನಿಗೆ ಆಗ ಕಾಣುವುದು ರಮ್ಮಿ.

ಜಾಗ ‘ಅನ್‌ಲಿಮಿಟೆಡ್’ ಎಂದಿದ್ದರು. ಜಾಗಕ್ಕೆ ಮಿತಿಯಿಲ್ಲ, ನಿಜ. ಮಿತಿ ಇದ್ದದ್ದು ಫೈಲುಗಳ ಸಂಖ್ಯೆಗೆ. ವರ್ಡ್‌ಪ್ರೆಸ್ಸಿಗೆ ಒಂದು ಫೋಟೊ ಏರಿಸಿದರೆ ಅದು ತಾನಾಗಿಯೇ ಬೇರೆ ಬೇರೆ ಅಳತೆಯ ನಾಲ್ಕಾರು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಚಿಕ್ಕಪ್ಪನೋ, ಒಂದು ಮಿಡಿಯನ್ನು ಮುಂದಿನಿಂದ, ಹಿಂದಿನಿಂದ, ಹೋಳು ಮಾಡಿ, ಸೊನೆ ಚಿಮ್ಮುತ್ತಿರುವಾಗ, ಹೀಗೆ ತೆಗೆದೇ ತೆಗೆಯುವವರು. ಮಿತಿ ಮೀರಿದ ಎಚ್ಚರಿಕೆಯ ಪತ್ರ ಮಾವಿನ ಸೀಸನ್ನು ಮುಗಿಯುವ ಮೊದಲೇ ಬಂತು.

ಬರಹದಿಂದ ಏನೂ ಭಾರವಾಗಲಿಲ್ಲ. ಆದರೂ ಒಂದು ವಿಷಯ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ಜಾಲದಲ್ಲಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್. ನಮ್ಮ ಅಕ್ಷರಕ್ಕೆ ಮೂರು, ಗುಣಿತದ ಗುರುತಿಗೆ ಮೂರು, ಒತ್ತು ಕೊಡಿಸುವ ಹಲಂತಕ್ಕೆ ಮತ್ತೆ ಮೂರು. ಇಂಗ್ಲಿಷಿನಲ್ಲಿ ಬರೆದ ಅಪ್ಪೆಮಿಡಿ 8 ಬೈಟ್, ಕನ್ನಡದಲ್ಲಿ ಬರೆದದ್ದು 27. “ಮತ್ತೆ? ನಮ್ಮದರಲ್ಲಿ ಸೊನೆ ಇರ್ತದಲ್ಲ” ಎಂದರು.

ಬೀಗದ ಗುರುತಿನ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರು. ಲಾಭದ ಉದ್ದೇಶವಿಲ್ಲದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ ಎಂದು ನೆನಪಿಸಿದ ಮೇಲೆ ಮಾತು ಬದಲಾಯಿಸಿ ಬ್ಯಾಕಪ್ಪಿಗೆ ಬಂದರು. ಬ್ಯಾಕಪ್ಪಿನ ಹಣಕ್ಕೆ ಮಾತ್ರ ನಾನು ತಕರಾರು ತೆಗೆಯಲಿಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಲಕ್ಷಾಂತರ ತಾಣಗಳು ನಿಂತುಹೋದವು. ಬೇರೆಲ್ಲೂ ಪ್ರತಿ ಇಟ್ಟುಕೊಳ್ಳದವರ ಎಷ್ಟೋ ಸರಕು ಮತ್ತೆ ಸಿಗಲೇ ಇಲ್ಲ. ‘ಕ್ಲೌಡ್’ ಎಂದು ಕರೆದರೂ ಬೆಂಕಿ ಬಿದ್ದರೆ ಉರಿಯುವಂಥ ಕಟ್ಟಡವೇ ಅದು.

ಪುಕ್ಕಟೆ ಜಾಗವೇ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. 1994ರಲ್ಲಿ ಶುರುವಾದ ಜಿಯೋಸಿಟೀಸ್ ಪುಕ್ಕಟೆಯೇ ಆಗಿತ್ತು. ಜನ ತಮ್ಮ ಬೆಕ್ಕು, ಕವಿತೆ, ಮದುವೆ ಫೋಟೊ ಎಲ್ಲವನ್ನೂ ಅಲ್ಲಿ ಇಟ್ಟರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಸಾಧ್ಯವಾದಷ್ಟು ಪುಟಗಳನ್ನು ಬಾಚಿ ಉಳಿಸಿದವರು ಬಿಡುವಿನ ವೇಳೆಯಲ್ಲಿ ದುಡಿದ ಸ್ವಯಂಸೇವಕರು.

ಚಿಕ್ಕಪ್ಪ ಮಾತಿನಂತೆಯೇ ತಾಣವನ್ನು ತಿದ್ದುತ್ತಿದ್ದರು. ರಸ್ತೆ ಅಗಲವಾದಾಗ, ಹೊಳೆದಂಡೆ ಕುಸಿದಾಗ, ಮಿಡಿಯ ಆಸೆಗೆ ಯಾರೋ ಕೊಂಬೆಯನ್ನೇ ಕಡಿದು ಮರ ಸತ್ತಾಗ, ಆಯಾ ಪುಟದ ಮೇಲೆ ‘ಈ ಮರ ಈಗಿಲ್ಲ’ ಎಂದು ಸೇರಿಸುತ್ತಿದ್ದರು. ಒಂದೇ ಒಂದು ಪುಟವನ್ನೂ ಅಳಿಸಲು ಬಿಡಲಿಲ್ಲ. ಆಮೇಲೆ ಅವರೂ ಹೋದರು. ನವೀಕರಣದ ಪತ್ರಗಳು ಮಾತ್ರ ಈಗಲೂ ಅವರ ಹೆಸರಿಗೇ ಬರುತ್ತವೆ. ‘ನಿಮ್ಮ ಮುಂದಿನ ಪಯಣದಲ್ಲಿ ನಾವು ಜೊತೆಗಿದ್ದೇವೆ’ ಎಂದು ಒಂದರಲ್ಲಿತ್ತು.

“ಅಣ್ಣ, ಯಾರು ನೋಡ್ತಾರೆ ಅದನ್ನ?” ಎಂದು ಅವರ ಮಗಳು ಕೇಳಿದಳು. ಲೆಕ್ಕ ತೆಗೆದು ನೋಡಿದರೆ ಬರುವವರಲ್ಲಿ ಬಹುಪಾಲು ಯಂತ್ರಗಳು. ರಷ್ಯನ್ ಭಾಷೆಯಲ್ಲಿ ಔಷಧಿ ಮಾರುವವು ಕೆಲವು. ನಡುವೆ ಹೊಸನಗರದ ಕಡೆಯ ಕೃಷಿಕರೊಬ್ಬರ ಪತ್ರ: ‘ಈ ಮರ ಈಗಿಲ್ಲ’ ಎಂದು ಹಾಕಿದ್ದೀರಲ್ಲ, ಅದರ ಕಸಿ ಗಿಡ ನಮ್ಮಲ್ಲಿದೆ, ಹೋದ ವರ್ಷ ಕಾಯಿ ಬಿಟ್ಟಿದೆ. ಅವಳಿಗೆ ಆ ಪತ್ರ ಕಳಿಸಿದೆ. ಮರುದಿನ ಅರ್ಧ ಹಣ ಹಾಕಿದಳು.

ಹಣ ಇದ್ದರೆ ಸಾಲದು. ಆಟೊ ರಿನ್ಯೂವಲ್ ಎಂದು ಗುರುತು ಹಾಕಿದ್ದರೂ ಕಾರ್ಡಿನ ಅವಧಿ ಮುಗಿದಿತ್ತು. ಖಾತೆಯನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದರೆ, “ಖಾತೆದಾರರೇ ವಿನಂತಿ ಮಾಡಬೇಕು ಸರ್” ಎಂದ ಸಹಾಯವಾಣಿಯ ಹುಡುಗ. ಅವರು ತೀರಿಕೊಂಡಿದ್ದಾರೆ ಎಂದೆ. ಬಹಳ ವಿಷಾದ ಸೂಚಿಸಿ, ಹಾಗಿದ್ದರೆ ಅವರ ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸುತ್ತೇನೆ ಎಂದ.

ಹಾಗಾಗಿ ಹೋಸ್ಟಿಂಗ್, ಡೊಮೇನ್, ತೆರಿಗೆ, ಬ್ಯಾಕಪ್ ಇವುಗಳ ಜೊತೆಗೆ ಚಿಕ್ಕಪ್ಪನ ಸಿಮ್ಮಿನ ರೀಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಹಳೇ ಫೋನು ಚಿಕ್ಕಮ್ಮನ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ ಚಾರ್ಜಿಗೆ ಹಾಕಿರುತ್ತದೆ. ಈ ಸಲವೂ ಅವರಿಗೆ ಫೋನ್ ಮಾಡಿ, ಮೆಸೇಜು ಬಂತಾ ಎಂದು ಕೇಳಿದೆ.

“ಬಂದಿದೆ ಮಾರಾಯ, ಆರು ಅಂಕಿ. ಯಾರಿಗೂ ಹೇಳಬೇಡಿ ಅಂತ ಬರೆದಿದಾರಲ್ಲ. ಹೇಳ್ಲಾ?”