ಊರ ಮಣ್ಣು, ಪರವೂರ ಖುರಾಕು

ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರರು ಕೊಲ್ಹಾಪುರದ ತಾಲೀಮು ಸೇರಿ, 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. 1970ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು. ಅವರು ಊರು ಬಿಟ್ಟರೆಂದು ನಾವು ನೊಂದುಕೊಳ್ಳುವುದಿಲ್ಲ. ಹಾಲು, ತುಪ್ಪ, ಬಾದಾಮಿಯ ಖುರಾಕಿಗೂ ಸಮಬಲದ ಜೊತೆಗಾರರಿಗೂ ಪೈಲವಾನನು ಪರವೂರಿಗೆ ಹೋಗಲೇಬೇಕಾಗುತ್ತದೆ.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿಯೂ 2021ರಿಂದ ಆಟಗಾರರು ಒಂದು ವರ್ಷ ಹೊರಗುಳಿಯದೆಯೇ ಕಾಲೇಜು ಬದಲಿಸಬಹುದಾಗಿದೆ; 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ದಣಿಯುವ ಮೈಗೆ ಪ್ರತಿಫಲ ಸಲ್ಲುವುದು ನ್ಯಾಯವೇ. ಆದರೆ ಮೊದಲ ಪಟ್ಟು ಕಲಿಸಿದ ಊರ ವಸ್ತಾದರಿಗೆ ಸಲ್ಲುವುದೇನು?

ಉಮರ್ಗಾ, ನಿಲಂಗಾ, ಉದಗೀರಗಳ ಸೀಮೆಯಲ್ಲಿ ಜಾತ್ರೆಯ ಕುಸ್ತಿಗೆ ವಂತಿಗೆ ಕೂಡಿಸುವ ನಾವು, ಗೆದ್ದವನ ಇನಾಮಿನೊಡನೆ ಅವನ ಗುರುವಿಗೂ ಒಂದು ಪಾಲು ತೆಗೆದಿಡೋಣ.