ಮಸ್ಕಿಯ ಬಂಡೆ

"ನಿಮ್ಮ ಕಡೆ ನಿನಗ ಭಾಳ ಇಷ್ಟದ ಜಾಗ ಯಾವ್ದಪಾ?" ಅಂತ ಧಾರವಾಡದ ಗೆಳೆಯ ಕೇಳಿದ. ಮುದಗಲ್ ಕೋಟೆಯ ಕಂದಕ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ, ಸಿಂಧನೂರು ಕಡೆಯ ಅಂಬಾಮಠ, ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಮಸ್ಕಿಯ ಬಂಡೆ ಅಂದೆ.

ಗೋಡೆಯಿಲ್ಲ, ಗೋಪುರವಿಲ್ಲ. ದುರ್ಗದ ಗುಡ್ಡದ ಒರಟು ಕಲ್ಲು, ಮಾಸಿದ ಬ್ರಾಹ್ಮಿ ಅಕ್ಷರ. ಅಲ್ಲಲ್ಲಿ ಚಕ್ಕೆ ಎದ್ದು ಸಾಲುಗಳೇ ಹೋಗಿವೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕ ಧರ್ಮಲಿಪಿಗಳಲ್ಲಿ, ಅಂದರೆ ಕಲ್ಲಿಗೆ ಕೊರೆಸಿದ ರಾಜಾಜ್ಞೆಗಳಲ್ಲಿ, ಅರಸ ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ'. ಅವನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ನಮ್ಮೂರ ಕಲ್ಲು! 'ಅಸೋಕಸ', ನಾಲ್ಕೇ ಅಕ್ಷರ. ಹೋದಾಗಲೆಲ್ಲ ಮೊದಲು ಅವನ್ನೇ ಹುಡುಕುತ್ತೇನೆ.