ಚಿಗುರಿನ ಕೆಂಪು

ಫೆಬ್ರವರಿ ಕೊನೆ, ಬೆಳಗಿನ ಆರೂವರೆ. ಜಿಗಣಿಯ ಎಪಿಸಿ ಸರ್ಕಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿದವರು ಟೀ ಲೋಟ ಹಿಡಿದು ನಿಂತಿದ್ದಾರೆ. ಗ್ರಾನೈಟ್ ಕಾರ್ಖಾನೆಯವರ ಪ್ಯಾಂಟಿನ ಮೇಲೆ ಕಲ್ಲಿನ ಬಿಳಿ ಕೆಸರು ಒಣಗಿ ಬಿರುಕು ಬಿಟ್ಟಿದೆ. ಬೂದುಬಣ್ಣದ ಈ ಬೀದಿಯಲ್ಲಿ ಕಾಂಪೌಂಡಿನಾಚೆಯ ಬಾದಾಮಿ ಮರವೊಂದೇ ಕುಂಕುಮದಂಥ ಎಲೆ ಉದುರಿಸುತ್ತಿದೆ.

ಅಕ್ಕನ ಮಗಳು ಅಕ್ಟೋಬರಿನಲ್ಲಿ ವರ್ಮಾಂಟಿನ ಮೇಪಲ್ ಕಾಡಿನ ಫೋಟೊ ಕಳಿಸಿ, ‘ನಿಮ್ಮಲ್ಲಿ ಇದೆಲ್ಲ ಇಲ್ಲ ಅಲ್ವಾ ಮಾಮ?’ ಎಂದಿದ್ದಳು. ಅಕ್ಟೋಬರಿನಲ್ಲಿ ಎಲ್ಲಿಂದ ಬರಬೇಕು! ಆಗ ಇಲ್ಲಿ ಶರದೃತು. ರಾಗಿ ತೆನೆಗಟ್ಟುವ ಕಾಲ, ಕಾಡೆಲ್ಲ ಕಡುಹಸಿರು. ನಮ್ಮ ಮರಗಳು ಎಲೆ ಕಳಚುವುದು ಶಿಶಿರದಲ್ಲಿ. ಅಲ್ಲಿ ಚಳಿಗೆ ಉದುರುತ್ತದೆ, ಇಲ್ಲಿ ನೀರಿಲ್ಲದ್ದಕ್ಕೆ.

ಸ್ಕೂಟರನ್ನು ಬನ್ನೇರುಘಟ್ಟದ ಚಂಪಕಧಾಮ ಸ್ವಾಮಿ ದೇವಸ್ಥಾನದ ಹತ್ತಿರ ನಿಲ್ಲಿಸಿ ಬೆಟ್ಟ ಹತ್ತುತ್ತೇನೆ. ಕಾಲಿಟ್ಟಲ್ಲೆಲ್ಲ ಚರಚರ. ದಿಂಡಿಗದ ಎಲೆ ತಾಮ್ರವಾಗಿ, ಆಮೇಲೆ ಕಂದಾಗಿ, ಬಂಡೆಯ ಸಂದಿನಲ್ಲಿ ಗುಡ್ಡೆಬಿದ್ದಿದೆ. ಬೋಳು ಕೊಂಬೆಗಳ ನಡುವೆ ಒಂದು ಅರಿಶಿನ ಬೂರುಗ: ಮೈಮೇಲೆ ಒಂದು ಎಲೆಯಿಲ್ಲ, ತುದಿಯಲ್ಲಿ ಮಾತ್ರ ಹಳದಿ ಹೂವು. ಅದರಾಚೆ ಇಳಿಜಾರಿನಲ್ಲಿ ಮುತ್ತುಗ ಕೆಂಡ ಕಾರುತ್ತಿದೆ. ಉಸಿರು ಸುಧಾರಿಸಿಕೊಳ್ಳುವ ನೆಪದಲ್ಲಿ ನಿಂತಾಗ ಕಾಣುವುದು ಎಳೆ ಅರಳಿ. ಬಂಡೆಯ ಬಿರುಕಿನಲ್ಲಿ ಬೇರಿಳಿಸಿ, ಮೈತುಂಬ ತೆಳ್ಳನೆಯ ಗುಲಾಬಿ-ತಾಮ್ರದ ಎಲೆ ಹೊತ್ತು ನಿಂತಿದೆ. ಬಿಸಿಲು ಎಲೆಯ ಆಚೆಯಿಂದ ಬಿದ್ದು ನರನರವೂ ಕಾಣುತ್ತದೆ. ಮುಟ್ಟಿದರೆ ಕೂಸಿನ ಕಿವಿಯಷ್ಟು ಮೆತ್ತಗೆ.

ಮೇಪಲ್ಲಿನ ಕೆಂಪು ಹೊರಟು ನಿಂತ ಎಲೆಯದು. ಇದು ಈಗ ತಾನೆ ಬಂದಿಳಿದ ಎಲೆಯದು. ಹಸಿರು ತುಂಬಿಕೊಳ್ಳುವ ಮೊದಲು ಎಳೆಯ ಎಲೆಗೆ ಈ ಕೆಂಪೇ ಬಿಸಿಲಿಗೆ ಮರೆ ಅನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಮುಂಗಾರಿಗೆ ಇನ್ನೂ ಮೂರು ತಿಂಗಳಿದೆ. ಯಾವ ನೀರು ನಂಬಿ ಚಿಗುರಿತೋ.

ನೆತ್ತಿಯಲ್ಲಿ ಗಾಳಿ ಬೆವರಿಗೆ ತಾಗುತ್ತದೆ. ಒಂದು ಕಡೆ ಜಿಗಣಿಯ ಶೀಟಿನ ಚಾವಣಿಗಳು ಮಿರುಗುತ್ತಿವೆ. ಇನ್ನೊಂದು ಕಡೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಹೆಸರು ಪಡೆದ ಕಾಡು ದಕ್ಷಿಣಕ್ಕೆ, ಕಾವೇರಿಯ ದಿಕ್ಕಿಗೆ, ಬೂದು-ಕಂದು-ಕೆಂಪಾಗಿ ಹಬ್ಬಿದೆ. ಆನೆ ಓಡಾಡುವ ದಾರಿ ಅದು. ಆ ಕಡೆ ಕಾಲಿಡುವಂತಿಲ್ಲ, ಇಡುವ ಧೈರ್ಯವೂ ನನಗಿಲ್ಲ.

ಇಳಿಯುವಾಗ ಬೆಂಕಿ ಕಾಯುವ ವಾಚರ್ ಒಬ್ಬರು ಎದುರಾಗುತ್ತಾರೆ. ಕೈಯಲ್ಲಿ ಹಸಿ ಸೊಪ್ಪಿನ ಕಟ್ಟು, ಹೆಗಲಲ್ಲಿ ನೀರಿನ ಬಾಟಲಿ.

‘ಏನ್ ಸಾರ್, ಪೂಜೆಗಾ?’

‘ಇಲ್ಲಣ್ಣ, ಎಲೆ ನೋಡಕ್ಕೆ.’

ಅವರು ನನ್ನ ಮುಖ ನೋಡಿ, ಕಾಲಡಿಯ ತರಗೆಲೆ ನೋಡಿ ನಕ್ಕರು. ‘ಇದನ್ನಾ? ನೀವು ನೋಡ್ತೀರ, ನಾವು ಗುಡಿಸ್ತೀವಿ. ಒಂದು ಬೀಡಿ ತುಂಡು ಬಿದ್ರೆ ಸಾಕು ಸಾರ್, ಸಂಜೆಗೆ ಬೆಟ್ಟ ಇರಲ್ಲ. ಒಂದು ಮಳೆ ಬೀಳೋಗಂಟ ನಮಗೆ ನಿದ್ದೆ ಇಲ್ಲ.’ ಆಮೇಲೆ, ಅನುಮಾನದಿಂದಲೇ, ‘ಬೆಂಕಿಪಟ್ಣ ಏನೂ ಇಲ್ಲ ತಾನೆ?’

ಎರಡೂ ಜೇಬು ಹೊರಗೆಳೆದು ತೋರಿಸಿದೆ. ಮೊಬೈಲು, ಸ್ಕೂಟರಿನ ಬೀಗದಕೈ, ಮತ್ತು ಆಗಲೇ ಬಾಡತೊಡಗಿದ್ದ ಒಂದು ಅರಳಿ ಎಲೆ.